ಹೊಸ ಚಾಲಕರಿಗೆ ಬ್ರೇಕ್ ಒತ್ತುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಪಿಯು ಮುಗಿಸಿ ಹದಿನೆಂಟು ತುಂಬಿತೆಂದರೆ ನಮ್ಮ ಬಳ್ಳಾರಿಯ ಹುಡುಗ ಹುಡುಗಿಯರು ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕುತ್ತಾರೆ. ಡ್ರೈವಿಂಗ್ ಸ್ಕೂಲಿನ ಕ್ಲಾಸು ಮುಗಿಯುತ್ತದೆ, ಪರೀಕ್ಷೆ ಪಾಸಾಗುತ್ತದೆ, ಮನೆಯ ಕಾರಿನ ಕೀ ಕೈಗೆ ಬರುತ್ತದೆ. ಇಷ್ಟೆಲ್ಲ ಆದರೂ ಅವರಲ್ಲಿ ಹೆಚ್ಚಿನವರು ಒಂದೇ ಒಂದು ಸಲವೂ ಬ್ರೇಕನ್ನು ಪೂರ್ತಿ ಬಲ ಹಾಕಿ ಒತ್ತಿರುವುದಿಲ್ಲ. ಮೊದಲ ಸಲ ಒತ್ತುವುದು ನಿಜವಾದ ಅಪಾಯ ಎದುರಿಗೆ ಬಂದಾಗಲೇ. ಇದು ಬದಲಾಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳು ಕಳೆದ ವರ್ಷ ಕಾರು ಕಲಿತಳು. ಕಲಿಸಿದವರು ತಾಳ್ಮೆಯ ಮನುಷ್ಯ, ಅವರ ಬಗ್ಗೆ ದೂರಿಲ್ಲ. ಆದರೆ ಕಲಿಸಿದ್ದು ಕ್ಲಚ್ಚು, ಗೇರು, ಹಾಫ್ ಕ್ಲಚ್ಚಿನಲ್ಲಿ ಏರು ಹತ್ತಿಸುವುದು, ರಿವರ್ಸು. ಅವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅಡ್ಡ ಏನಾದರೂ ಬಂದರೆ ಅವರೇ ಒತ್ತುತ್ತಿದ್ದರು. ಬೆಳಗಿನ ಖಾಲಿ ರಸ್ತೆ, ಮೂರನೇ ಗೇರು ದಾಟಿದ್ದೇ ಕಡಿಮೆ. ಲೈಸೆನ್ಸ್ ಬಂದ ಮೇಲೆ ಅವಳು ಓಡಿಸಬೇಕಾಗಿರುವುದು ಕುಡಿತಿನಿ, ತೋರಣಗಲ್ಲು ದಾರಿಯಲ್ಲಿ, ಅದಿರು ಲಾರಿಗಳ ನಡುವೆ.

ನಮ್ಮ ರಸ್ತೆಗಳ ಕಷ್ಟ ಬೇರೆ ಊರಿನವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ತಿಂಗಳುಗಟ್ಟಲೆ ಅದಿರಿನ ಕೆಂಪು ದೂಳು, ಲಾರಿಗಳಿಂದ ಸೋರಿದ ಎಣ್ಣೆ ಡಾಂಬರಿನ ಮೇಲೆ ಕೂತಿರುತ್ತವೆ. ಮೊದಲ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಟೈರಿಗೆ ಹಿಡಿತವೇ ಇರುವುದಿಲ್ಲ. ಜೋರು ಮಳೆಯಾದರೆ ತೊಳೆದುಕೊಂಡು ಹೋಗುತ್ತದೆ. ಆ ಮೊದಲ ಅರ್ಧ ಗಂಟೆಯೇ ಕೆಟ್ಟದ್ದು. ಸಿರುಗುಪ್ಪ ಕಡೆ ಹೋದರೆ ಇನ್ನೊಂದು ಥರ. ನಾಟಿ ಸಮಯದಲ್ಲಿ ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳು ಎರೆ ಮಣ್ಣನ್ನು ರಸ್ತೆಗೆ ತರುತ್ತವೆ. ಆ ಮಣ್ಣು ನೆನೆದರೆ ರಸ್ತೆಗೆ ಬೆಣ್ಣೆ ಸವರಿದ ಹಾಗೆ. ಸುಗ್ಗಿ ಬಂತೆಂದರೆ ಅರ್ಧ ರಸ್ತೆಯ ಮೇಲೆ ಭತ್ತ, ಮೆಕ್ಕೆಜೋಳ ಒಣಗಲು ಹರಡಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಕಾಳು ಎತ್ತಿಕೊಂಡು ಹೋದ ಮೇಲೂ ಕೆಲವು ಕಲ್ಲು ಅಲ್ಲೇ ಉಳಿಯುತ್ತವೆ. ರಾತ್ರಿ ಎಂಬತ್ತರ ವೇಗದಲ್ಲಿ ಬರುವ ಹತ್ತೊಂಬತ್ತರ ಹುಡುಗ ಹೆಡ್‌ಲೈಟಿನಲ್ಲಿ ಆ ಕಲ್ಲು ಕಂಡಾಗ ಏನು ಮಾಡುತ್ತಾನೆ? ಗಾಬರಿಯಲ್ಲಿ ಸ್ಟೀರಿಂಗ್ ಒಮ್ಮೆಲೇ ಎಳೆಯುತ್ತಾನೆ. ಕಾರು ಎದುರಿನ ಲಾರಿಗೆ ಹೋಗುತ್ತದೆ, ಇಲ್ಲವೇ ಹೊಲಕ್ಕೆ ಉರುಳುತ್ತದೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬ ಲೆಕ್ಕವನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಮಾಡುತ್ತಾರೆ. ಒಣ ಡಾಂಬರು, ಒಳ್ಳೆ ಟೈರು ಇದ್ದರೆ 40 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. 80ರಲ್ಲಿ ಸುಮಾರು 36 ಮೀಟರ್ ಬೇಕು. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 22 ಮೀಟರ್ ಹೋಗಿರುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಬರುತ್ತದೆ. ಆದರೆ 58 ಮೀಟರ್ ಅಂದರೆ ನಿಜಕ್ಕೂ ಎಷ್ಟು ದೂರ ಎಂದು ಸೀಟಿನಲ್ಲಿ ಕೂತು, ಬೆಲ್ಟ್ ಎದೆಗೆ ಬಿಗಿಯುವಾಗ ಗೊತ್ತಾಗುವುದೇ ಬೇರೆ.

ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವಿಷಯವನ್ನೇ ನೋಡಿ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ಚಕ್ರ ಲಾಕ್ ಆಗಿ ಜಾರತೊಡಗಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. ಎಬಿಎಸ್ ಸೆಕೆಂಡಿಗೆ ಹತ್ತಾರು ಸಲ ಬ್ರೇಕನ್ನು ಬಿಟ್ಟು ಹಿಡಿದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ. ಆಗ ಪೆಡಲ್ ಕಾಲ ಕೆಳಗೆ ಗಡಗಡ ಅದುರುತ್ತದೆ, ಕರಕರ ಸದ್ದು ಬರುತ್ತದೆ. ಮೊದಲ ಸಲ ಇದನ್ನು ಅನುಭವಿಸಿದವರು ಕಾರೇನೋ ಮುರಿಯಿತು ಎಂದು ಹೆದರಿ ಕಾಲು ತೆಗೆದುಬಿಡುತ್ತಾರೆ. ಒತ್ತಿ ಹಿಡಿಯಲೇಬೇಕಾದ ಹೊತ್ತಿನಲ್ಲೇ ಬಿಟ್ಟುಬಿಡುತ್ತಾರೆ. ಮೈದಾನದಲ್ಲಿ ನೀರು ಚೆಲ್ಲಿ ನಾಲ್ಕೈದು ಸಲ ಜೋರಾಗಿ ಬ್ರೇಕ್ ಹಾಕಿಸಿದರೆ ಈ ಭಯ ಹೋಗುತ್ತದೆ. ಬ್ರೇಕ್ ಒತ್ತಿಕೊಂಡೇ ಪಕ್ಕಕ್ಕೆ ತಿರುಗಿಸಬಹುದು, ಕಣ್ಣು ಅಡ್ಡ ಬಂದ ವಸ್ತುವಿನ ಮೇಲಲ್ಲ, ಖಾಲಿ ಜಾಗದ ಮೇಲಿರಬೇಕು ಅನ್ನುವುದೂ ಹೀಗೆ ಮಾಡಿ ನೋಡಿದರೇನೇ ಬರುವುದು. ಇನ್ನೊಂದು ಸಣ್ಣ ವಿಷಯ. ನಮ್ಮ ಬಿಸಿಲಿಗೆ ಪ್ರತಿ ಕಾರಿನಲ್ಲೂ ನೀರಿನ ಬಾಟಲಿ ಇರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಅದು ಉರುಳಿಕೊಂಡು ಬಂದು ಪೆಡಲ್ ಕೆಳಗೆ ಸಿಕ್ಕಿಕೊಳ್ಳಬಹುದು. ಅದನ್ನೂ ಮೈದಾನದಲ್ಲೇ ಒಮ್ಮೆ ನೋಡಿಬಿಟ್ಟರೆ ಮತ್ತೆ ಯಾರೂ ಬಾಟಲಿಯನ್ನು ಸುಮ್ನೆ ಕೆಳಗೆ ಎಸೆಯುವುದಿಲ್ಲ.

ಅಮೆರಿಕದಲ್ಲಿ 2002ರಿಂದ ‘ಸ್ಟ್ರೀಟ್ ಸರ್ವೈವಲ್’ ಎಂಬ ಒಂದು ದಿನದ ತರಬೇತಿ ನಡೆಯುತ್ತಿದೆ. ಶುರು ಮಾಡಿದ್ದು ಅಲ್ಲಿನ ಬಿಎಂಡಬ್ಲ್ಯು ಕಾರು ಕ್ಲಬ್ಬಿನ ಪ್ರತಿಷ್ಠಾನ, ಆದರೆ ಹದಿಹರೆಯದ ಚಾಲಕರು ಯಾವ ಕಂಪನಿಯದಾದರೂ ಸರಿ, ತಮ್ಮ ಮನೆಯ ಕಾರನ್ನೇ ತರುತ್ತಾರೆ. ಪಕ್ಕದಲ್ಲಿ ಅನುಭವಿ ಚಾಲಕರು ಕೂತಿರುತ್ತಾರೆ. ಜೋರು ಬ್ರೇಕು, ಕೋನ್‌ಗಳ ನಡುವೆ ತಿರುವು, ಒದ್ದೆ ನೆಲದ ಮೇಲೆ ಜಾರುವಾಗ ಹಿಡಿತ ಎಲ್ಲವನ್ನೂ ಮಾಡಿಸುತ್ತಾರೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಮಕ್ಕಳನ್ನು ದೊಡ್ಡ ಟ್ರಕ್ಕಿನ ಚಾಲಕನ ಸೀಟಿನಲ್ಲಿ ಕೂರಿಸುತ್ತಾರೆ. ಅಲ್ಲಿಂದ ಪಕ್ಕದ ಕಾರು ಎಲ್ಲೆಲ್ಲಿ ಕಾಣುವುದಿಲ್ಲ ಎಂದು ಅವರಿಗೇ ಗೊತ್ತಾಗಲಿ ಎಂದು. ಇದು ನಮ್ಮ ಜಿಲ್ಲೆಗಿಂತ ಜಾಸ್ತಿ ಇನ್ನೆಲ್ಲಿ ಬೇಕು? ಅದಿರು ಲಾರಿಯ ಎಡಗಡೆಯಿಂದ ನುಸುಳುವ ಹುಡುಗನನ್ನು ಒಮ್ಮೆ ಆ ಕ್ಯಾಬಿನ್‌ಗೆ ಹತ್ತಿಸಬೇಕು. ಬಾಗಿಲ ಪಕ್ಕದ ಕಾರು ಪೂರ್ತಿ ಮಾಯವಾಗುವುದನ್ನು ಅವನೇ ನೋಡಲಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಾರ್ವೆಯಲ್ಲಿ ಹಿಂದೆ ಹೊಸ ಚಾಲಕರಿಗೆ ಜಾರುವ ರಸ್ತೆಯ ತರಬೇತಿ ಕಡ್ಡಾಯ ಮಾಡಿದಾಗ ಯುವಕರ ಅಪಘಾತ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಜಾರಿದರೂ ಸಂಭಾಳಿಸುತ್ತೇನೆ ಎಂಬ ಧೈರ್ಯ ಅವರಿಗೆ ಬಂದಿತ್ತು. ಹಾಗಾಗಿ ಇದು ಸ್ಟಂಟ್ ಕಲಿಸುವ ಕ್ಲಾಸು ಆಗಬಾರದು. ಕಾರಿಗೂ ತನಗೂ ಎಷ್ಟು ಆಗುವುದಿಲ್ಲ ಎಂಬುದನ್ನು ತೋರಿಸುವುದೇ ಮುಖ್ಯ. 40ರಲ್ಲಿ ನಿಂತ ಕಾರು 60ರಲ್ಲಿ ಕೋನ್‌ಗಳನ್ನು ಉರುಳಿಸಿಕೊಂಡು ಹೋಗುವುದನ್ನು ಸ್ವಂತ ಕಣ್ಣಿನಿಂದ ನೋಡಿದವರು ವೇಗದ ವಿಷಯದಲ್ಲಿ ಯೋಚಿಸುತ್ತಾರೆ, ಅಲ್ವಾ? ಆಸ್ಟ್ರಿಯಾದಲ್ಲಿ 2003ರಿಂದ ಲೈಸೆನ್ಸ್ ಪಡೆದ ಒಂದು ವರ್ಷದೊಳಗೆ ಮತ್ತೆ ಬಂದು ಮೈದಾನದಲ್ಲಿ ಅಭ್ಯಾಸ ಮಾಡಬೇಕು, ಜೊತೆಗೆ ಕೂತು ಅಪಾಯಗಳ ಬಗ್ಗೆ ಮಾತಾಡಬೇಕು ಎಂಬ ನಿಯಮವಿದೆ. ಎರಡೂ ಸೇರಿದ್ದು ನನಗೆ ಸರಿ ಎನಿಸುತ್ತದೆ.

ಹದಿನೆಂಟು ತುಂಬದವರಿಗೆ ಇದು ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೂ ಸಿಗುವುದಿಲ್ಲ. ನಾನು ಕೇಳುತ್ತಿರುವುದು ಲೈಸೆನ್ಸ್ ಪಡೆದ ಹದಿನೆಂಟು, ಹತ್ತೊಂಬತ್ತರ ಮಕ್ಕಳಿಗಾಗಿ.

ಸಿಮ್ಯುಲೇಟರ್, ಸ್ವಂತ ಟ್ರ್ಯಾಕ್, ಲಘು ವಾಹನಕ್ಕೆ 29 ಗಂಟೆ ಕಲಿಕೆ ಇರುವ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲೇ ನಿಯಮ ಮಾಡಿದೆ. ಅಂಥವು ನಮ್ಮ ಕಡೆ ಊರೂರಿಗೂ ಬರಲಿ. ಅಲ್ಲಿಯವರೆಗೆ ಕಾಯಬೇಕಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಮನಸ್ಸು ಮಾಡಿದರೆ ಗಟ್ಟಿ ನೆಲದ ಒಂದು ವಿಶಾಲ ಜಾಗವನ್ನು ತಿಂಗಳಿಗೊಂದು ಭಾನುವಾರ ಕೊಡಿಸಬಹುದು. ಕಲಿಸಲು ಅಪಘಾತವಿಲ್ಲದೆ ಓಡಿಸಿ ಪದಕ ಪಡೆದ ಸಾರಿಗೆ ಸಂಸ್ಥೆಯ ಹಿರಿಯ ಚಾಲಕರನ್ನು ಕರೆಯಿರಿ. ಅವರಿಗೆ ತರಬೇತಿ ಕೊಡುವುದನ್ನು ಮೊದಲು ಕಲಿಸಬೇಕು, ಅದಕ್ಕೆ ಖರ್ಚಿದೆ. ನೀರಿನ ಟ್ಯಾಂಕರು, ಕೋನ್, ಒಂದು ಆಂಬುಲೆನ್ಸ್ ಸಹ ಬೇಕು. ಆದರೆ ನಮ್ಮದು ಗಣಿ ಜಿಲ್ಲೆ, ಗಣಿಗಾರಿಕೆಯಿಂದ ತೊಂದರೆಗೊಳಗಾದ ಜನರಿಗಾಗಿ ಗಣಿಯವರಿಂದ ಸಂಗ್ರಹಿಸುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ, ಕೌಶಲ ತರಬೇತಿ ಅದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಅದಿರು ಲಾರಿಗಳ ದಾರಿಯಲ್ಲೇ ಓಡಾಡುವ ಮಕ್ಕಳಿಗೆ ಆ ಹಣದಲ್ಲಿ ಪಾಲು ಕೇಳುವುದು ನ್ಯಾಯ.

ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಬರುತ್ತದೆ. ಪ್ರತಿ ವರ್ಷ ಜಾಥಾ, ಪ್ರಬಂಧ ಸ್ಪರ್ಧೆ ನಡೆಯುತ್ತವೆ, ನಡೆಯಲಿ. ಅದೇ ತಿಂಗಳ ಒಂದು ಭಾನುವಾರ ಇಪ್ಪತ್ತು ಮಕ್ಕಳು, ಇಪ್ಪತ್ತು ಕಾರುಗಳೊಂದಿಗೆ ಇದನ್ನು ಶುರು ಮಾಡಲಿ. ಲೈಸೆನ್ಸ್ ಇರುವ ಹಳೆಯ ವಿದ್ಯಾರ್ಥಿಗಳನ್ನು ಮತ್ತು ಅವರ ಪೋಷಕರನ್ನು ಒಪ್ಪಿಸಿ ಕರೆತರುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.

– ಒಬ್ಬ ಉಪನ್ಯಾಸಕ, ಬಳ್ಳಾರಿ