ಶಕ್ತಿ ಬರುವುದು ಬಂಧ ಕೂಡಿದಾಗ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನನ್ನ ಮೊಮ್ಮಗಳು ಜಗಲಿಯಲ್ಲಿ ಕೂತು ಟ್ಯೂಷನ್ ನೋಟ್ಸ್ ಗಟ್ಟಿಯಾಗಿ ಓದುತ್ತಿದ್ದಳು. ಹತ್ತನೇ ಕ್ಲಾಸು. ‘ಎಟಿಪಿಯ ಬಂಧ ಮುರಿದಾಗ ಅದರಲ್ಲಿ ಅಡಗಿರುವ ಶಕ್ತಿ ಬಿಡುಗಡೆಯಾಗುತ್ತದೆ’ ಅಂತ ಮೂರು ಸಲ ಹೇಳಿಕೊಂಡಳು. ಎಟಿಪಿ ಅಂದರೆ ನಮ್ಮ ಜೀವಕೋಶಗಳು ಕೆಲಸಕ್ಕೆ ಶಕ್ತಿ ಪಡೆಯಲು ಬಳಸುವ ಅಣು; ಬಂಧ ಅಂದರೆ ಅಣುವಿನಲ್ಲಿ ಪರಮಾಣುಗಳನ್ನು ಹಿಡಿದಿಟ್ಟ ಕೊಂಡಿ. ಆಮೇಲೆ ನನ್ನ ಕಡೆ ತಿರುಗಿ, ‘ಅಜ್ಜಿ, ಅಂದರೆ ಪಟಾಕಿ ಒಡೆದ ಹಾಗಾ?’ ಎಂದಳು. ಕಳೆದ ತಿಂಗಳು ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲೂ ಹೆಚ್ಚುಕಡಿಮೆ ಇದೇ ವಾಕ್ಯ ಇತ್ತು. ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದಕ್ಕೇ ಈ ಪತ್ರ.

ಆ ವಾಕ್ಯ ತಪ್ಪು. ಯಾವ ರಾಸಾಯನಿಕ ಬಂಧವೂ ಮುರಿಯುವಾಗ ಶಕ್ತಿ ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ. ಪರಮಾಣುಗಳು ಹೊಸದಾಗಿ ಕೂಡಿಕೊಂಡಾಗ ಶಕ್ತಿ ಹೊರಗೆ ಬರುತ್ತದೆ. ಮುರಿಯಲು ಖರ್ಚಾದದ್ದಕ್ಕಿಂತ ಕೂಡಿದಾಗ ಬಂದದ್ದು ಜಾಸ್ತಿ ಇದ್ದರೆ, ಆ ಮಿಕ್ಕಿದ್ದು ಬಿಸಿಯಾಗಿಯೋ ಬೆಳಕಾಗಿಯೋ ಕೆಲಸವಾಗಿಯೋ ನಮಗೆ ಸಿಗುತ್ತದೆ. ಒಂದು ಪದದ ವ್ಯತ್ಯಾಸಕ್ಕೆ ಇಷ್ಟು ಮಾತೇಕೆ ಅನಿಸಬಹುದು. ಆದರೆ ಇದನ್ನು ತಿರುಗುಮುರುಗಾಗಿ ಕಲಿತ ಮಗು ಪಿಯುಸಿಯಲ್ಲಿ ಬಂಧಶಕ್ತಿಯ ಲೆಕ್ಕ ಬಂದ ದಿನ ಕಂಗಾಲಾಗುತ್ತದೆ. ನಾನು 31 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಮೊದಲ ಏಳೆಂಟು ವರ್ಷ ನಾನೂ ಹೀಗೇ ತಪ್ಪು ಹೇಳಿದ್ದೆ. ಆ ವರ್ಷಗಳ ಮಕ್ಕಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ನನಗೆ ಇದು ಸರಿಯಾಗಿ ಹೊಳೆದದ್ದು ಸುಣ್ಣದಿಂದ. ನಾನು ಚಿಕ್ಕವಳಿದ್ದಾಗ ಯುಗಾದಿಗೆ ಮುಂಚೆ ಅಪ್ಪ ಸಂತೆಯಿಂದ ಸುಟ್ಟ ಸುಣ್ಣದ ಕಲ್ಲು ತರುತ್ತಿದ್ದರು. ಹಿತ್ತಲಲ್ಲಿ ದೊಡ್ಡ ಮಡಕೆಗೆ ಕಲ್ಲು ಹಾಕಿ, ಅಮ್ಮ ಚೊಂಬಿನಿಂದ ಸ್ವಲ್ಪ ಸ್ವಲ್ಪವೇ ನೀರು ಹುಯ್ಯುತ್ತಿದ್ದಳು. ಮೊದಲು ಕಲ್ಲು ನೀರು ಕುಡಿದು ಸುಮ್ನೆ ಇರುತ್ತಿತ್ತು. ಆಮೇಲೆ ಚರ್ ಅನ್ನುವ ಸದ್ದು. ಕಲ್ಲಿನ ಮೈಯೆಲ್ಲಾ ಬಿರುಕು. ನೋಡನೋಡುತ್ತಿದ್ದಂತೆ ಅದು ಹೂವಿನ ಹಾಗೆ ಬಿರಿದು ಪುಡಿಯಾಗಿ, ಮಡಕೆಯಿಂದ ಹಬೆ ಏಳುತ್ತಿತ್ತು. ನಮ್ಮವರು ಅದಕ್ಕೆ ‘ಅರಳುವುದು’ ಎಂದು ಹೆಸರಿಟ್ಟದ್ದು ಎಷ್ಟು ಸರಿ! ಒಲೆ ಇಲ್ಲ, ಬೆಂಕಿ ಇಲ್ಲ. ತಣ್ಣೀರು ಕುದಿಯುತ್ತಿತ್ತು.

ಆ ಬಿಸಿ ಎಲ್ಲಿಂದ ಬಂತು? ಸುಣ್ಣದ ಗೂಡಿನಿಂದ. 100 ಗ್ರಾಂ ಶುದ್ಧ ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೋಗಿ, 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇವೆರಡನ್ನು ಬೇರೆ ಮಾಡಲು ಸುಮಾರು 178 ಕಿಲೋಜೌಲ್ ಶಕ್ತಿ ಬೇಕು. ಅಷ್ಟನ್ನೂ ಗೂಡಿನ ಬೆಂಕಿ ಕೊಟ್ಟಿರುತ್ತದೆ. ಹಿತ್ತಲಲ್ಲಿ ಆ 56 ಗ್ರಾಂ ಸುಣ್ಣ ನೀರಿನ ಜೊತೆ ಕೂಡಿದಾಗ ಸುಮಾರು 65 ಕಿಲೋಜೌಲ್ ವಾಪಸ್ ಬರುತ್ತದೆ. ಹಬೆ ಎದ್ದದ್ದು ಅದರಿಂದ.

ಉಳಿದ 113 ಎಲ್ಲಿ? ಗೋಡೆಯಲ್ಲಿ. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ತೆಗೆದುಕೊಂಡು, ನೀರನ್ನು ಬಿಟ್ಟುಕೊಟ್ಟು, ಮತ್ತೆ ಸುಣ್ಣದಕಲ್ಲೇ ಆಗುತ್ತದೆ. ಎರಡು ಮೂರು ದಿನ ಬಿಟ್ಟು ಗೋಡೆಗೆ ಬಿಳಿ ಹೊಳಪು ಬರುವುದು ಅದರಿಂದಲೇ. ಆಗ ಉಳಿದ 113 ಕಿಲೋಜೌಲ್ ಹೊರಗೆ ಬರುತ್ತದೆ. ನಿಧಾನವಾಗಿ ಬರುವುದರಿಂದ ಕೈಗೆ ಗೊತ್ತಾಗುವುದಿಲ್ಲ, ಅಷ್ಟೇ. 65ಕ್ಕೆ 113 ಕೂಡಿಸಿ ನೋಡಿ. ಈ ಲೆಕ್ಕ ಮೊದಲ ಸಲ ಬೋರ್ಡಿನ ಮೇಲೆ ಬರೆದ ದಿನ ನನ್ನ ಮೈ ಜುಮ್ಮೆಂದಿತ್ತು. ಬೇರೆ ಮಾಡಲು ಕೊಟ್ಟದ್ದು, ಕೂಡಿದಾಗ ಪೈಸೆ ಪೈಸೆ ಲೆಕ್ಕಕ್ಕೆ ವಾಪಸ್.

ನಮ್ಮ ಗೋಬರ್ ಗ್ಯಾಸ್ ಒಲೆಯೂ ಇದನ್ನೇ ಹೇಳುತ್ತದೆ. ಅದರಲ್ಲಿ ಉರಿಯುವ ಅನಿಲ ಮೀಥೇನ್. 16 ಗ್ರಾಂ ಮೀಥೇನ್, ಅದಕ್ಕೆ ಬೇಕಾದ ಆಮ್ಲಜನಕ, ಇವುಗಳ ಬಂಧ ಬಿಡಿಸಲು ಸುಮಾರು 2650 ಕಿಲೋಜೌಲ್ ಖರ್ಚು. ಹೊಸದಾಗಿ ಇಂಗಾಲದ ಡೈಆಕ್ಸೈಡ್, ನೀರಾವಿ ಆಗುವಾಗ ಬರುವುದು ಸುಮಾರು 3450. ಮಿಕ್ಕ 800ರಲ್ಲಿ ನಮ್ಮ ಅಡುಗೆ. ಮೊದಲ ಬಂಧಗಳನ್ನು ಬಿಡಿಸುವ ಖರ್ಚು ಯಾರಾದರೂ ಕೊಡಬೇಕಲ್ವಾ, ಕಡ್ಡಿ ಗೀರುವುದು ಅದಕ್ಕೇ.

ಈಗ ಎಟಿಪಿಗೆ ಬರೋಣ. ಇದನ್ನು 1929ರಲ್ಲಿ ಮೊದಲು ಕಂಡುಕೊಂಡವರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಹಾರ್ವರ್ಡ್‌ನಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಒಬ್ಬರು. ಅವರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. ಎಟಿಪಿಯ ಬಾಲದಲ್ಲಿ ಮೂರು ಫಾಸ್ಫೇಟ್ ಗುಂಪುಗಳಿವೆ. ಮೂರರಲ್ಲೂ ಋಣ ವಿದ್ಯುದಂಶ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂವರು ಕೂತ ಹಾಗೆ ಒಂದನ್ನೊಂದು ತಳ್ಳುತ್ತಿರುತ್ತವೆ. ಹಾಗಿದ್ದರೂ ಕೊನೆಯದನ್ನು ಬಿಡಿಸಲು ಶಕ್ತಿ ಬೇಕೇ ಬೇಕು. ಬಿಡಿಸಿದ ಜಾಗಕ್ಕೆ ನೀರು ಬಂದು ಕೂಡುತ್ತದೆ. ಬೇರೆಯಾದ ತುಂಡುಗಳಿಗೆ ಇಕ್ಕಟ್ಟು ತಪ್ಪುತ್ತದೆ. ಅವುಗಳ ಸುತ್ತ ನೀರಿನ ಅಣುಗಳು ಬಂದು ಸೇರುತ್ತವೆ. ಎಲ್ಲ ಕಳೆದು ಕೂಡಿಸಿದರೆ ಒಂದು ಮೋಲ್‌ (ಅಣುಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ಅಳತೆ) ಎಟಿಪಿಗೆ 30.5 ಕಿಲೋಜೌಲ್ ಮಿಕ್ಕುತ್ತದೆ. ಮೊಮ್ಮಗಳ ಪಠ್ಯದಲ್ಲಿ ಈ ಅಂಕಿಯ ಜೊತೆ ನೀರಿನ ಮಾತೂ ಇದೆ. ನೋಟ್ಸ್ ಬರೆದವರು ನೀರನ್ನು ಬಿಟ್ಟು, ಮುರಿದದ್ದನ್ನು ಮಾತ್ರ ಇಟ್ಟುಕೊಂಡಿದ್ದಾರೆ.

ಖಾಲಿಯಾದ ಎಟಿಪಿಯನ್ನು ಮತ್ತೆ ಕಟ್ಟಲು ನಾವು ಉಣ್ಣಬೇಕು, ಉಸಿರಾಡಬೇಕು. ಮುದ್ದೆಯಲ್ಲಿರುವ ಇಂಗಾಲವೂ ಜಲಜನಕವೂ ಕೊನೆಗೆ ಆಮ್ಲಜನಕದ ಜೊತೆ ಕೂಡುತ್ತವೆ. ಗೋಬರ್ ಗ್ಯಾಸ್ ಒಲೆಯಿಂದ ಬಂದವೇ ನಮ್ಮ ಉಸಿರಿನಲ್ಲೂ ಬರುತ್ತವೆ: ಇಂಗಾಲದ ಡೈಆಕ್ಸೈಡ್, ನೀರು. ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ಕೆಲವು ಹತ್ತು ಗ್ರಾಂ ಮಾತ್ರ. ಆದರೆ ಅದನ್ನೇ ಮತ್ತೆ ಮತ್ತೆ ಕಟ್ಟಿ ಬಳಸುವುದರಿಂದ ದಿನದ ಲೆಕ್ಕ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟಾಗುತ್ತದೆ. ಸೌದೆ ಒಡೆಯುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಕೆಲಸಕ್ಕೆ ಹೋಗುತ್ತದೆ. ಉಳಿದದ್ದೆಲ್ಲಾ ಬಿಸಿ. ಅದಕ್ಕೇ ಚಳಿಗಾಲದಲ್ಲೂ ಅಂಗಿ ಬಿಚ್ಚುತ್ತೇವೆ.

ಮರುದಿನ ಸಂಜೆ ಮೊಮ್ಮಗಳಿಗೆ ನಾನೇ ತೋರಿಸಿದೆ. ನಿಂಬೆಹಣ್ಣಿನ ಗಾತ್ರದ ಸುಟ್ಟ ಸುಣ್ಣದ ಚೂರು, ಅಗಲವಾದ ಸ್ಟೀಲ್ ಬಟ್ಟಲು, ಚಮಚದಲ್ಲಿ ನೀರು. ಕಣ್ಣಿಗೆ ಕನ್ನಡಕ ಹಾಕಿಸಿ, ಮಾರು ದೂರ ನಿಲ್ಲಿಸಿದ್ದೆ. ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ದೊಡ್ಡವರಿಲ್ಲದೆ ಯಾವ ಮಗುವೂ ಇದನ್ನು ಮಾಡಬಾರದು. ಮುಚ್ಚಿದ ಡಬ್ಬಿಯಲ್ಲಂತೂ ಯಾರೂ ಮಾಡಬಾರದು. ಕಲ್ಲು ಅರಳಿ ತಣ್ಣಗಾದ ಮೇಲೆ ಅವಳು ನೋಟ್ಸ್ ತಂದು, ‘ಮುರಿದಾಗ’ ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ನೀರಿನ ಜೊತೆ ಕೂಡಿದಾಗ’ ಎಂದು ಬರೆದಳು. ಆಮೇಲೆ ಕೇಳಿದಳು: ‘ಪರೀಕ್ಷೆಯಲ್ಲಿ ಯಾವುದು ಬರೀಲಿ ಅಜ್ಜಿ? ಮಾರ್ಕ್ಸ್ ಕೊಡ್ತಾರಾ?’

ನಾನು ಧೈರ್ಯವಾಗಿ ಸರಿಯಾದದ್ದನ್ನೇ ಬರಿ ಎಂದೆ. ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನಿಮ್ಮ ವಿದ್ಯಾರ್ಥಿ ಪುಟವನ್ನು ಅವಳ ಮೇಷ್ಟ್ರೂ ಓದುತ್ತಾರೆ. ಪರೀಕ್ಷೆಗೆ ಮುಂಚೆ ಅದರಲ್ಲಿ ಒಂದು ತಿದ್ದುಪಡಿ ಹಾಕಿಸಿ, ದಯವಿಟ್ಟು.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು