ಗುಂಡಿನ ಜೊತೆ ಅದು ಸಿಕ್ಕಿದ ಜಾಗವೂ ಬೇಕು

ಮಾನ್ಯರೇ,

ನನ್ನ ಮೇಜಿನ ಮೇಲೆ ಒಂದು ಸೀಸದ ಗುಂಡು ಇದೆ. ಹಳೇ ಕಾಲದ ಮಸ್ಕೆಟ್ ಬಂದೂಕಿನದು, ತೂಕ 31 ಗ್ರಾಂ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಎದ್ದಿರುವ ಸಣ್ಣ ಗೆರೆ ಇವತ್ತಿಗೂ ಉಗುರಿಗೆ ತಾಗುತ್ತದೆ. ಒಂದು ಪಕ್ಕ ಚಪ್ಪಟೆಯಾಗಿದೆ. ಅಂದರೆ ಯಾರೋ ಹಾರಿಸಿದ್ದಾರೆ, ಅದು ಎಲ್ಲಿಗೋ ಹೋಗಿ ಬಡಿದಿದೆ. ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುವ ಗೆಳೆಯರೊಬ್ಬರು ಪ್ರೀತಿಯಿಂದ ಕೊಟ್ಟಿದ್ದು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. "ಯಾವುದೋ ಹೊಲದಲ್ಲಿ, ಸರಿಯಾಗಿ ನೆನಪಿಲ್ಲ" ಅಂದರು. ಅಲ್ಲಿಗೆ ಆ ಗುಂಡಿನ ಬಾಯಿ ಕಟ್ಟಿಹೋಯಿತು.

ಹಳೇ ಯುದ್ಧದ ಹೆಲ್ಮೆಟ್ಟು, ಗುಂಡಿ, ಬೆಲ್ಟಿನ ಬಕಲ್ಲು ಸಿಕ್ಕಿದ ಚಿತ್ರ ಪತ್ರಿಕೆಯಲ್ಲಿ ಬಂದಾಗೆಲ್ಲ ಜನ ಮೊದಲು ಕೇಳುವುದು ಬೆಲೆ. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿತ್ತು, ಯಾರನ್ನು ಕೇಳಿ ಅಗೆದರು ಎಂದು ಕೇಳುವವರು ಕಡಿಮೆ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ರಣರಂಗದಲ್ಲಿ ಒಂದಿಷ್ಟೂ ನಜ್ಜುಗುಜ್ಜಾಗದ ದುಂಡನೆ ಗುಂಡು ಸಿಕ್ಕರೆ, ಅದು ಸಾಮಾನ್ಯವಾಗಿ ಬಂದೂಕಿಗೆ ತುಂಬುವ ಅವಸರದಲ್ಲಿ ಸೈನಿಕನ ಕೈಜಾರಿ ಬಿದ್ದದ್ದು. ಅಂಥವು ಸಾಲಾಗಿ ಸಿಕ್ಕರೆ ಸೈನ್ಯ ನಿಂತಿದ್ದ ಜಾಗ ಗೊತ್ತಾಗುತ್ತದೆ. ಚಪ್ಪಟೆಯಾದವು ಎಲ್ಲಿ ಜಾಸ್ತಿ ಇವೆಯೋ ಅಲ್ಲಿ ಏಟು ಬಿದ್ದಿದೆ. ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಹಾಕಿದರೆ ಯುದ್ಧ ನಡೆದ ಬಗೆ ಕಣ್ಣಿಗೆ ಕಟ್ಟುತ್ತದೆ. ಗುರುತು ಹಾಕದೆ ಜೇಬಿಗೆ ಹಾಕಿಕೊಂಡರೆ, ಆಮೇಲೆ ಯಾವ ಪಂಡಿತ ಬಂದರೂ ಅದನ್ನು ಓದಲಾಗುವುದಿಲ್ಲ.

ಅಮೆರಿಕದ ಲಿಟಲ್ ಬಿಗ್‌ಹಾರ್ನ್ ನೋಡಿ. 1876ರ ಜೂನ್‌ನಲ್ಲಿ ಅಲ್ಲಿ ಅಮೆರಿಕ ಸೇನೆಯ ಅಧಿಕಾರಿ ಕಸ್ಟರ್ ಮತ್ತು ಅವನ ಜೊತೆಗಿದ್ದ ಇನ್ನೂರಕ್ಕೂ ಹೆಚ್ಚು ಸೈನಿಕರು ಸತ್ತರು. ಕೊನೆಯ ಹೊತ್ತಿನಲ್ಲಿ ಏನಾಯಿತು ಎಂದು ಹೇಳಲು ಆ ತುಕಡಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಅವರ ಎದುರು ಹೋರಾಡಿದ ಲಕೋಟ, ಶೆಯೆನ್ ಬುಡಕಟ್ಟಿನ ಜನ ತಾವು ಕಂಡದ್ದನ್ನು ಹೇಳಿದ್ದರು, ಆದರೆ ಅವರ ಮಾತಿಗೆ ಬೆಲೆ ಕೊಟ್ಟವರು ಕಡಿಮೆ. 1983ರಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟುಹೋಯಿತು. ಮರುವರ್ಷ ಪುರಾತತ್ವ ತಂಡ ಡಿಟೆಕ್ಟರ್ ಹವ್ಯಾಸಿಗಳನ್ನೇ ಸ್ವಯಂಸೇವಕರಾಗಿ ಕರೆಸಿತು. ಅವರು ಸಾಲಾಗಿ ನಡೆದರು. ಸದ್ದು ಬಂದ ಕಡೆ ಬಾವುಟ ನೆಟ್ಟರು. ಹಿಂದೆ ಬಂದವರು ಅಗೆದರು, ಅವರ ಹಿಂದೆ ಬಂದವರು ಅಳತೆ ಬರೆದುಕೊಂಡರು. ಖಾಲಿ ಕಾಡತೂಸುಗಳ ಮೇಲೆ ಬಂದೂಕಿನ ಪಿನ್ನು ಬಡಿದ ಗುರುತು ಇರುತ್ತದಲ್ಲ, ಅದನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಕಂಡುಹಿಡಿದರು. ಆ ಬುಡಕಟ್ಟು ಜನ ಹೇಳಿದ್ದ ಎಷ್ಟೋ ಮಾತು ನಿಜ ಎಂದು ನೂರು ವರ್ಷದ ಮೇಲೆ ಗೊತ್ತಾಯಿತು. ಡಿಟೆಕ್ಟರಿನಿಂದ ಇಷ್ಟು ದೊಡ್ಡ ಕೆಲಸ ಆಗುತ್ತದೆ. ಹಾಗಾಗಿ ಈ ಹವ್ಯಾಸವನ್ನೇ ನಿಲ್ಲಿಸಬೇಕು ಎನ್ನುವವರ ಮಾತು ನಾನು ಒಪ್ಪುವುದಿಲ್ಲ.

ಬ್ರಿಟಿಷ್ ಸೇನೆಯ ಅಧಿಕಾರಿ ಟೋನಿ ಕ್ಲನ್ 1987ರಲ್ಲಿ ಜರ್ಮನಿಯ ಕಾಲ್ಕ್ರೀಸೆಯಲ್ಲಿ ಹುಡುಕಲು ಹೊರಟಾಗ, ಮೊದಲು ಅಲ್ಲಿನ ಪುರಾತತ್ವ ಅಧಿಕಾರಿಯನ್ನು ಕಂಡು ಮಾತಾಡಿದರು. ಮೊದಲು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಮೇಲೆ ಮೂರು ಸೀಸದ ಕವಣೆಗುಂಡು. ನಾಣ್ಯವನ್ನು ಯಾವ ವ್ಯಾಪಾರಿಯಾದರೂ ಬೀಳಿಸಿಕೊಂಡಿರಬಹುದು, ಕವಣೆಗುಂಡು ಸಿಕ್ಕಿತು ಅಂದರೆ ಸೈನ್ಯ ಬಂದಿತ್ತು ಅಂತಲೇ ಅಲ್ವಾ? ಕ್ರಿ.ಶ. 9ರಲ್ಲಿ ರೋಮಿನ ಮೂರು ಲೀಜನ್‌ಗಳು, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆಗಳು, ನಾಶವಾದ ಜಾಗ ಇದೇ ಎಂದು ಬಹಳಷ್ಟು ವಿದ್ವಾಂಸರು ಈಗ ಹೇಳುತ್ತಾರೆ. ಅದೇ ಜರ್ಮನಿಯ ಹಾರ್ಟ್ಸ್‌ಹಾರ್ನ್‌ನಲ್ಲಿ ಉಲ್ಟಾ ಆಯಿತು. 2000ದಲ್ಲಿ ಇಬ್ಬರು ಅನುಮತಿಯಿಲ್ಲದೆ ಹುಡುಕಿ ಸಿಕ್ಕಿದ್ದನ್ನು ಮನೆಯಲ್ಲಿಟ್ಟುಕೊಂಡರು. ಅದರಲ್ಲಿ ರೋಮನ್ ಕಾಲದ ಕುದುರೆ ಪಾದರಕ್ಷೆಯೂ ಒಂದು. ಇನ್ನೊಂದು ರೋಮನ್ ರಣರಂಗ ಅಲ್ಲಿದೆ ಎಂದು ತಜ್ಞರಿಗೆ ತಿಳಿದದ್ದು 2008ರಲ್ಲಿ.

ಇನ್ನು ಸತ್ತವರ ವಿಷಯ. ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಗುರುತಿನ ಬಿಲ್ಲೆಯ ನಡುವೆ ಮುರಿಯಲು ಸೀಳು ಇರುತ್ತಿತ್ತು. ಸತ್ತಾಗ ಅರ್ಧ ಮುರಿದು ಕಚೇರಿಗೆ ಕಳಿಸುತ್ತಿದ್ದರು, ಅರ್ಧ ದೇಹದ ಜೊತೆಗೇ ಇರುತ್ತಿತ್ತು. ಮೂಳೆಗಳ ಜೊತೆ ಇಡೀ ಬಿಲ್ಲೆ ಸಿಕ್ಕಿದರೆ, ಆ ಸಾವು ಎಲ್ಲೂ ದಾಖಲಾಗಿಲ್ಲದೆ ಇರಬಹುದು. ಅವನ ಮನೆಯವರಿಗೆ ಇವತ್ತಿಗೂ ಅವನು 'ಕಾಣೆಯಾದವನು' ಅಷ್ಟೇ. ಇಂಥ ಬಿಲ್ಲೆಗಳನ್ನು ಹರಾಜಿಗೆ ಇಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೋವಿಯತ್ ಸೈನಿಕರದ್ದು ಇನ್ನೂ ಸಂಕಟದ್ದು. ಎಷ್ಟೋ ಜನರ ಹೆಸರು ಇದ್ದದ್ದು ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪುಟ್ಟ ಡಬ್ಬಿಯೊಳಗಿನ ಕಾಗದದ ಚೂರಿನಲ್ಲಿ. ಎಬೊನೈಟ್ ಲೋಹವಲ್ಲ, ಡಿಟೆಕ್ಟರ್ ಸದ್ದು ಮಾಡುವುದಿಲ್ಲ. ಹೆಲ್ಮೆಟ್ ಮಾತ್ರ ಎತ್ತಿಕೊಂಡು ಹೋದವನು ಪಕ್ಕದಲ್ಲಿದ್ದ ಹೆಸರನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ಡಬ್ಬಿ ಸಿಕ್ಕಿತು ಅಂತ ಅಲ್ಲೇ ತೆರೆದರೆ ಒದ್ದೆ ಕಾಗದ ಕೈಯಲ್ಲೇ ಪುಡಿಯಾಗಬಹುದು. ಮೂಳೆ ಕಂಡ ಕೂಡಲೇ ಕೈ ನಿಲ್ಲಿಸಿ, ಜಾಗ ಮುಚ್ಚಿ, ಪೊಲೀಸರಿಗೆ ತಿಳಿಸಬೇಕು. ಸ್ಫೋಟಕ ಕಂಡರೂ ಅಷ್ಟೇ, ಮುಟ್ಟುವ ಹಾಗಿಲ್ಲ. ಫ್ರಾನ್ಸ್, ಬೆಲ್ಜಿಯಂಗಳ ಹೊಲಗಳಲ್ಲಿ ಮೊದಲ ಮಹಾಯುದ್ಧದ ಶೆಲ್ಲುಗಳು ಈಗಲೂ ಪ್ರತಿವರ್ಷ ಮೇಲೆ ಬರುತ್ತವೆ.

ಅಗೆಯುವ ಮೊದಲು ಜಮೀನಿನವರ ಒಪ್ಪಿಗೆ ಬೇಕು, ಆ ದೇಶದ ಕಾನೂನೂ ಒಪ್ಪಬೇಕು. ಬ್ರಿಟನ್ನಿನಲ್ಲಿ ಬಿದ್ದ ಯುದ್ಧವಿಮಾನದ ಅವಶೇಷ ಅಗೆಯಲು 1986ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಸಿಕ್ಕಿದ್ದರ ಫೋಟೊ, ಜಿಪಿಎಸ್ ಗುರುತು, ಆಳ ಎಲ್ಲ ಅಲ್ಲೇ ಬರೆದಿಟ್ಟುಕೊಳ್ಳಬೇಕು. ಮನೆಗೆ ತಂದು ತಂತಿ ಬ್ರಷ್ಷಿನಿಂದ ಉಜ್ಜುವ ಚಟ ದಯವಿಟ್ಟು ಬೇಡ. ಫಳಫಳ ಹೊಳೆಯುವ ಹೊತ್ತಿಗೆ ಅದರ ಮೇಲಿದ್ದ ಬಣ್ಣ, ಅಕ್ಷರ, ಮುದ್ರೆ ಹೋಗಿರುತ್ತದೆ. ಮಣ್ಣಿನ ಉಪ್ಪು ಹೀರಿದ ಕಬ್ಬಿಣವನ್ನು ಸುಮ್ನೆ ಒಣಗಲು ಬಿಟ್ಟರೆ ಪದರ ಪದರವಾಗಿ ಉದುರುತ್ತದೆ. ಅದನ್ನು ಹಾಗೇ ಸಂರಕ್ಷಣೆ ಬಲ್ಲವರ ಕೈಗೆ ಕೊಡುವುದು ಒಳ್ಳೆಯದು.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಇಂಥ ವಸ್ತು ಸಿಕ್ಕಿದ ಸುದ್ದಿ ಮುಂದೆ ಹಾಕುವಾಗ ಬೆಲೆಯ ಅಂದಾಜು ಬಿಡಿ. ಅನುಮತಿ ಇತ್ತೇ, ಜಾಗ ದಾಖಲಾಯಿತೇ, ವಸ್ತು ಈಗ ಯಾರ ಬಳಿ ಇದೆ ಎಂದು ಎರಡು ಸಾಲು ಬರೆಯಿರಿ. ನನಗೆ ಗುಂಡು ಕೊಟ್ಟ ಗೆಳೆಯರೂ ನಿಮ್ಮ ಪತ್ರಿಕೆ ಓದುತ್ತಾರೆ. ಆ ಹೊಲ ಯಾವುದು ಎಂದು ಅವರಿಗೆ ನೆನಪಾದರೆ ಗುಂಡನ್ನು ವಾಪಸ್ ಕೊಡಲು ನಾನು ಸಿದ್ಧ.

ಇಂತಿ,
ನಿಮ್ಮ ಓದುಗ