ಕೆಎಚ್ ಪರೀಕ್ಷೆ ಇನ್ನು ಯಂತ್ರದಲ್ಲಿ: ರೀಫ್ ಟ್ಯಾಂಕ್ ಗ್ರಾಹಕರ ಗಮನಕ್ಕೆ

ಮಾನ್ಯ ಗ್ರಾಹಕರೇ,

ನಾವು ನೋಡಿಕೊಳ್ಳುತ್ತಿರುವ, 150 ಲೀಟರಿಗಿಂತ ದೊಡ್ಡದಾದ ಎಲ್ಲ ರೀಫ್ ಟ್ಯಾಂಕುಗಳಿಗೂ (ಹವಳ ಸಾಕುವ ಉಪ್ಪುನೀರಿನ ಟ್ಯಾಂಕುಗಳಿಗೂ) ಬರುವ ತಿಂಗಳ 1ನೇ ತಾರೀಖಿನಿಂದ ಕೆಎಚ್, ಅಂದರೆ ನೀರಿನ ಕ್ಷಾರತೆ, ಅಳೆಯುವ ಯಂತ್ರ ಕೂರಿಸುತ್ತೇವೆ. ವಾರಕ್ಕೊಮ್ಮೆ ಕಿಟ್‌ನಲ್ಲಿ ಮಾಡುತ್ತಿದ್ದ ಕೆಎಚ್ ಪರೀಕ್ಷೆ ನಿಲ್ಲುತ್ತದೆ, ನಮ್ಮ ಭೇಟಿ ಹದಿನೈದು ದಿನಕ್ಕೊಮ್ಮೆ ಆಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ನೈಟ್ರೇಟ್, ಫಾಸ್ಫೇಟ್ ಮೊದಲಿನಂತೆ ಕೈಯಲ್ಲೇ.

ಎಲ್ಲವನ್ನೂ ಅಳೆಯುವ ಯಂತ್ರಗಳು ಸಿಗುವಾಗ ಕೆಎಚ್ ಒಂದಕ್ಕೇ ಯಾಕೆ ಎಂದು ಕೇಳಬಹುದು. ಗಟ್ಟಿ ಹವಳ ತನ್ನ ಅಸ್ಥಿ ಕಟ್ಟಿಕೊಳ್ಳುವಾಗ ಕ್ಯಾಲ್ಸಿಯಂ ಮತ್ತು ಕ್ಷಾರತೆಯನ್ನು ಒಂದು ನಿಗದಿತ ಅನುಪಾತದಲ್ಲಿ ಎಳೆದುಕೊಳ್ಳುತ್ತದೆ. ಕೆಎಚ್ 1 ಡಿಕೆಎಚ್ (ಕೆಎಚ್‌ನ ಅಳತೆಯ ಮಾನ) ಇಳಿಯುವಷ್ಟರಲ್ಲಿ ಕ್ಯಾಲ್ಸಿಯಂ ಇಳಿಯುವುದು ಸುಮಾರು 7 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಮಾತ್ರ. 420 ಇದ್ದದ್ದು 413 ಆದರೆ ಯಾವ ಕಿಟ್‌ಗೂ ತಿಳಿಯುವುದಿಲ್ಲ, ಕಿಟ್‌ನ ದೋಷವೇ ಅದಕ್ಕಿಂತ ಹೆಚ್ಚು. ಆದರೆ 8 ಇದ್ದ ಕೆಎಚ್ 7 ಆದರೆ ಅದು ದೊಡ್ಡ ಸುದ್ದಿ. ಹವಳ ತುಂಬಿದ ಟ್ಯಾಂಕಿನಲ್ಲಿ, ಖರ್ಚಾದ ಕ್ಷಾರತೆಯನ್ನು ನೀರಿಗೆ ಮತ್ತೆ ಸೇರಿಸುವ ಡೋಸಿಂಗ್ ಪಂಪ್ ಕೆಟ್ಟರೆ ಒಂದೇ ದಿನದಲ್ಲಿ ಅಷ್ಟು ಇಳಿಯಬಹುದು. ಕ್ಯಾಲ್ಸಿಯಂ ದಿನಾ ಅಳೆಯುವುದು ದುಡ್ಡು ದಂಡ, ಕೆಎಚ್ ವಾರಕ್ಕೊಮ್ಮೆ ಮಾತ್ರ ಅಳೆಯುವುದು ಅಪಾಯ.

ಯಂತ್ರ ಮಾಡುವುದು ಕಿಟ್ ಮಾಡುವ ಕೆಲಸವನ್ನೇ. ಟ್ಯಾಂಕಿನ ಕೆಳಗಿನ ಸಂಪ್‌ನಿಂದ 50 ಎಂಎಲ್ ನೀರೆಳೆದು ತನ್ನ ಅಳತೆಯ ಕಪ್ಪನ್ನು ತೊಳೆಯುತ್ತದೆ, ಮತ್ತೆ 50 ಎಂಎಲ್ ತುಂಬಿಕೊಂಡು, ಕಲಕುತ್ತಾ 0.1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಪಿಎಚ್ 4.3ರ ಹತ್ತಿರ ಬಂದಾಗ ಎಷ್ಟು ಆಸಿಡ್ ಹೋಯಿತೆಂದು ಲೆಕ್ಕ ಹಾಕುತ್ತದೆ. 8 ಡಿಕೆಎಚ್ ನೀರಿಗೆ ಸುಮಾರು ಒಂದೂವರೆ ಎಂಎಲ್ ಸಾಕು. ಬೆಳಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 12, ಹೀಗೆ ದಿನಕ್ಕೆ ನಾಲ್ಕು ಸಲ ಅಳೆದರೂ ಒಂದು ಲೀಟರ್ ಆಸಿಡ್ ಐದು ತಿಂಗಳು ಬರುತ್ತದೆ.

ದೀಪ ಉರಿಯುವಾಗ ಹವಳ ಹೆಚ್ಚು ಎಳೆಯುವುದರಿಂದ ಹಗಲು ಕೆಎಚ್ ತುಸು ಇಳಿದು ರಾತ್ರಿ ಏರುವುದು ಸಹಜ. ಆದ್ದರಿಂದ ಇಂದಿನ ಬೆಳಗಿನ ಅಂಕಿಯನ್ನು ನಿನ್ನೆಯ ಬೆಳಗಿನ ಅಂಕಿಯ ಜೊತೆಗೇ ಹೋಲಿಸಿ, ಸಂಜೆಯದರ ಜೊತೆ ಬೇಡ.

ಎಲ್ಲರೂ ಮರೆಯುವ ಒಂದು ವಿಷಯ ಉಪ್ಪು. ಒಂದು ಪರೀಕ್ಷೆಗೆ 100 ಎಂಎಲ್ ಎಂದರೆ ದಿನಕ್ಕೆ 400 ಎಂಎಲ್, ತಿಂಗಳಿಗೆ 12 ಲೀಟರ್ ಉಪ್ಪುನೀರು ಟ್ಯಾಂಕಿನಿಂದ ಹೊರಹೋಗುತ್ತದೆ. ಸಂಪ್‌ನಲ್ಲಿ ಮಟ್ಟ ಇಳಿದಾಗ ಆಟೋ ಟಾಪ್-ಅಪ್ ತಾನಾಗಿ ತುಂಬುವುದು ಉಪ್ಪಿಲ್ಲದಂತೆ ಶುದ್ಧಮಾಡಿದ ಆರ್‌ಒ-ಡಿಐ ಸಿಹಿನೀರನ್ನು. ನೀರು ಆವಿಯಾಗಿ ಹೋಯಿತೋ ಯಂತ್ರ ಎಳೆಯಿತೋ ಅದಕ್ಕೆ ಗೊತ್ತಾಗುವುದಿಲ್ಲ. 200 ಲೀಟರಿನ ಟ್ಯಾಂಕಿನಲ್ಲಿ ಸಾವಿರಕ್ಕೆ 35 ಇದ್ದ ಲವಣಾಂಶ ಒಂದೇ ತಿಂಗಳಲ್ಲಿ 33ಕ್ಕೆ ಬರುತ್ತದೆ. ಅದಕ್ಕೇ ವೇಸ್ಟ್ ಕ್ಯಾನಿನ ಮೇಲೆ ಲೀಟರ್ ಗುರುತು ಹಾಕಿ ಕೊಡುತ್ತೇವೆ. ಅದರಲ್ಲಿ ಎಷ್ಟು ಸೇರಿದೆಯೋ ಅಷ್ಟೇ ಹೊಸ ಉಪ್ಪುನೀರನ್ನು, ಲವಣಾಂಶ 35ಕ್ಕೆ ಸರಿಮಾಡಿ, ವಾರಕ್ಕೊಮ್ಮೆ ಸಂಪ್‌ಗೆ ಹಾಕಿ. ಕ್ಯಾನಿನ ನೀರನ್ನು ಮಾತ್ರ ಟ್ಯಾಂಕಿಗೆ ವಾಪಸು ಸುರಿಯಬೇಡಿ, ಅದರಲ್ಲಿ ಆಸಿಡ್ ಇರುತ್ತದೆ. ನಲ್ಲಿ ಬಿಟ್ಟುಕೊಂಡು ಸಿಂಕಿಗೆ ಚೆಲ್ಲಿ. 150 ಲೀಟರಿಗಿಂತ ಚಿಕ್ಕ ಟ್ಯಾಂಕುಗಳನ್ನು ಬಿಟ್ಟಿರುವುದಕ್ಕೂ ಈ ಉಪ್ಪಿನ ನಷ್ಟವೇ ಕಾರಣ, ಚಿಕ್ಕ ಟ್ಯಾಂಕಿನಲ್ಲಿ ಲವಣಾಂಶ ಇನ್ನೂ ಬೇಗ ಇಳಿಯುತ್ತದೆ. ಆ ಟ್ಯಾಂಕುಗಳಿಗೆ ವಾರದ ಭೇಟಿ, ಕಿಟ್ ಎರಡೂ ಹಾಗೆಯೇ ಇರುತ್ತವೆ.

ಯಂತ್ರದ ಅಂಕಿ ಸುಳ್ಳು ಹೇಳುವುದು ಹೆಚ್ಚಾಗಿ ಟ್ಯೂಬಿನಿಂದ. ಯಂತ್ರದೊಳಗಿನ ಪಂಪಿನ ರೋಲರ್ ಅಡಿ ಸಿಕ್ಕಿ ಸಿಕ್ಕಿ ಟ್ಯೂಬ್ ಸೋಲುತ್ತದೆ, ರೋಲರ್‌ನ ಪ್ರತಿ ಸುತ್ತಿನಲ್ಲೂ ಬರಬೇಕಾದಷ್ಟು ನೀರು ಬರುವುದಿಲ್ಲ. ಸ್ಯಾಂಪಲ್ ಟ್ಯೂಬ್ ಸೋತು 10 ಶೇಕಡಾ ಕಡಿಮೆ ಎಳೆದರೆ 8.0 ಇರುವುದು 7.2 ಎಂದು ಕಾಣುತ್ತದೆ. ಆಸಿಡ್ ಟ್ಯೂಬ್ ಸೋತರೆ, ಅಥವಾ ಅದರೊಳಗೆ ಗಾಳಿಗುಳ್ಳೆ ಸೇರಿದರೆ, ಉಲ್ಟಾ: ಅಂಕಿ ಏರುತ್ತದೆ. ಆರು ತಿಂಗಳಿಗೊಮ್ಮೆ ಎರಡೂ ಟ್ಯೂಬ್ ನಾವೇ ಬದಲಿಸುತ್ತೇವೆ. ಸ್ಯಾಂಪಲ್ ಪೈಪಿನ ತುದಿಗೆ ಪಾಚಿ ಅಥವಾ ಬಸವನಹುಳು ಅಡ್ಡ ಬಂದರೆ ಅಂಕಿ ದಿಢೀರನೆ ಬೀಳುತ್ತದೆ, ಮೊದಲು ಅಲ್ಲಿ ನೋಡಿ. ಡೋಸಿಂಗ್ ಪೈಪ್ ಬೀಳುವ ಜಾಗದ ಹತ್ತಿರಕ್ಕೆ ಸ್ಯಾಂಪಲ್ ಪೈಪನ್ನು ಎಂದೂ ಸರಿಸಬೇಡಿ.

ಇದೇ ಕಾರಣಕ್ಕೆ ಯಂತ್ರ ಹೇಳಿದ್ದನ್ನು ಡೋಸಿಂಗ್ ಪಂಪ್ ಕಣ್ಣುಮುಚ್ಚಿ ಪಾಲಿಸುವ ಆಯ್ಕೆಯನ್ನು ಮೊದಲ ಹದಿನೈದು ದಿನ ಆಫ್ ಇಡುತ್ತೇವೆ. ಆಮೇಲೂ 24 ಗಂಟೆಯಲ್ಲಿ 0.5 ಡಿಕೆಎಚ್ ಮೀರಿ ಏರಿಸಲು ಬಿಡುವುದಿಲ್ಲ. 100 ಲೀಟರಿಗೆ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಸಾಕು. ಖಾಲಿ ಕಪ್ಪನ್ನು ಅಳೆದು ಕೆಎಚ್ ಬಿದ್ದಿದೆ ಎಂದುಕೊಂಡ ಯಂತ್ರ ರಾತ್ರಿಯೆಲ್ಲಾ ಪಂಪ್ ಓಡಿಸಿದರೆ ಏನಾಗಬಹುದೆಂದು ನೀವೇ ಊಹಿಸಿ. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಹತ್ತಿರವಿರುವ ಟ್ಯಾಂಕಿನಲ್ಲಿ ಕೆಎಚ್ 10 ದಾಟಿದರೆ ಆಕ್ರೊಪೊರಾ ಹವಳದ ತುದಿಗಳು ಸುಡುತ್ತವೆ. ನಮ್ಮ ಗುರಿ 7.5ರಿಂದ 8.5, ಅದರೊಳಗೆ ಎಲ್ಲಿದ್ದರೂ ಸರಿ, ಅಲ್ಲಾಡಬಾರದು ಅಷ್ಟೇ.

ಪ್ರತಿ ಭೇಟಿಯಲ್ಲೂ ಪಿಎಚ್ ಪ್ರೋಬನ್ನು, ಪಿಎಚ್ ನಿಖರವಾಗಿ ಗೊತ್ತಿರುವ 7 ಮತ್ತು 4ರ ಬಫರ್‌ನಲ್ಲಿ ಸರಿಪಡಿಸಿ, 8.0 ಡಿಕೆಎಚ್ ದ್ರಾವಣ ಕುಡಿಸಿ ನೋಡುತ್ತೇವೆ. ನೀವೇ ಮಾಡಿಕೊಳ್ಳುವುದಾದರೆ: ಒಂದು ಲೀಟರ್ ಆರ್‌ಒ-ಡಿಐ ನೀರಿಗೆ 2.40 ಗ್ರಾಂ ಅಡುಗೆ ಸೋಡಾ, ಅದರಲ್ಲಿ 100 ಎಂಎಲ್ ತೆಗೆದು ಮತ್ತೆ ಒಂದು ಲೀಟರ್ ಮಾಡಿ. ಬೇಕಿಂಗ್ ಪೌಡರ್ ಅಲ್ಲ. ಸೋಡಾವನ್ನು ಬಿಸಿ ಮಾಡಿ ಒಣಗಿಸಲೂಬೇಡಿ, ಬಿಸಿಗೆ ಅದು ಸೋಡಾ ಆಶ್ ಆಗಿ ಲೆಕ್ಕ ತಪ್ಪುತ್ತದೆ. ಯಂತ್ರ 0.3ಕ್ಕಿಂತ ಹೆಚ್ಚು ತಪ್ಪು ತೋರಿಸಿದರೆ ಡೋಸಿಂಗ್ ಮುಟ್ಟದೆ ನಮಗೆ ಫೋನ್ ಮಾಡಿ.

ಕೂರಿಸುವ ಮೊದಲು ಕ್ಯಾಬಿನೆಟ್‌ನಲ್ಲಿ ಒಂದು ಅಡಿ ಅಗಲದ ಒಣ ಜಾಗ, ಯುಪಿಎಸ್ ಮೇಲಿನ ಒಂದು ಪ್ಲಗ್, 2.4 ಗಿಗಾಹರ್ಟ್ಸ್ ವೈಫೈ ಬೇಕು. ಪರೀಕ್ಷೆಯ ನಡುವೆ ಕರೆಂಟ್ ಹೋದರೆ ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಸಿಡ್ ಬಾಟಲಿ ಮಕ್ಕಳ ಕೈಗೆ ಸಿಗದಂತೆ, ಮುಚ್ಚಳ ಬಿಗಿದಿರಲಿ.

ತಿಂಗಳ ಶುಲ್ಕದಲ್ಲಿ ಬದಲಾವಣೆ ಇಲ್ಲ. ಆಸಿಡ್, ಬಫರ್, ಟ್ಯೂಬ್ ಅದರಲ್ಲೇ ಸೇರಿವೆ. ಪಿಎಚ್ ಪ್ರೋಬ್ ಒಂದರಿಂದ ಒಂದೂವರೆ ವರ್ಷಕ್ಕೆ ಮುಗಿಯುತ್ತದೆ, ಅದರ ಬೆಲೆ ಮಾತ್ರ ಪ್ರತ್ಯೇಕ. ಯಂತ್ರ ಬೇಡ ಎನ್ನುವವರು ಈ ತಿಂಗಳ 25ರೊಳಗೆ ತಿಳಿಸಿದರೆ ವಾರದ ಭೇಟಿಯನ್ನೇ ಮುಂದುವರಿಸುತ್ತೇವೆ.

ಇಂತಿ,
ಟ್ಯಾಂಕ್ ನಿರ್ವಹಣಾ ತಂಡ, ಬೆಂಗಳೂರು